ಹುತಾತ್ಮ ಮುಹಾಜಿರರ ಕುಟುಂಬಗಳನ್ನು ಮದೀನಾ ಸಲಹಿದ ಬಗೆ

ಮುಅ್‌ತಾ ಯುದ್ಧದ ವಿವರಗಳನ್ನು ನಾವು ಪ್ರವಚನಗಳಲ್ಲಿ ಅನೇಕ ಬಾರಿ ಕೇಳಿದ್ದೇವೆ. ಹಿಜರಿ 8ರಲ್ಲಿ (ಕ್ರಿ.ಶ. 629) ಇಂದಿನ ಜೋರ್ಡಾನ್‌ನ ನೆಲದಲ್ಲಿ 3,000 ಮಂದಿಯ ಪಡೆಯೊಂದು ರೋಮನ್ ಸೈನ್ಯವನ್ನು ಎದುರಿಸಿತು. ಝೈದ್, ಜಅ್‌ಫರ್ ಮತ್ತು ಅಬ್ದುಲ್ಲಾ ಬಿನ್ ರವಾಹ(ರ) ಒಬ್ಬರ ನಂತರ ಒಬ್ಬರಂತೆ ಹುತಾತ್ಮರಾದರು. ಆದರೆ ಆ ದಿನಗಳಲ್ಲಿ ಮದೀನಾದಲ್ಲಿ ಜಅ್‌ಫರ್‌ರ ಮನೆಯೊಳಗೆ ಏನು ನಡೆಯಿತು ಎಂಬುದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ.

ಅದು ಎರಡು ಬಾರಿ ವಲಸೆ ಹೋದ ಕುಟುಂಬ. ಮಕ್ಕಾದ ಹಿಂಸೆಯನ್ನು ತಾಳಲಾರದೆ ಜಅ್‌ಫರ್ ಮತ್ತು ಅವರ ಪತ್ನಿ ಅಸ್ಮಾ ಬಿಂತ್ ಉಮೈಸ್(ರ) ಸಮುದ್ರ ದಾಟಿ ಅಬಿಸೀನಿಯಾ ಸೇರಿದ್ದರು. ಅಬ್ದುಲ್ಲಾ, ಮುಹಮ್ಮದ್, ಔನ್ ಎಂಬ ಮೂವರು ಮಕ್ಕಳೂ ಹುಟ್ಟಿದ್ದು ಅಲ್ಲೇ. ಹಿಜರಿ 7ರಲ್ಲಿ ಖೈಬರ್ ವಿಜಯದ ಸಮಯಕ್ಕೆ ಅವರು ಮರಳಿ ಬಂದರು. ಮದೀನಾಕ್ಕೆ ಹಿಜ್‌ರಾ ಮಾಡಿದ್ದರಲ್ಲಿ ನಾವೇ ಮೊದಲಿಗರು ಎಂದು ಉಮರ್(ರ) ಹೇಳಿದಾಗ ಅಸ್ಮಾ ಸುಮ್ಮನಿರಲಿಲ್ಲ. ದೂರದ ಪರಕೀಯ ನಾಡಿನಲ್ಲಿ ತಾವು ಪಟ್ಟ ಪಾಡನ್ನು ಪ್ರವಾದಿವರ್ಯರ(ಸ) ಮುಂದಿಟ್ಟರು. ಹಡಗಿನಲ್ಲಿ ಬಂದವರಿಗೆ ಎರಡು ಹಿಜ್‌ರಾಗಳ ಪುಣ್ಯವಿದೆ ಎಂದು ಪ್ರವಾದಿವರ್ಯರು(ಸ) ತೀರ್ಪಿತ್ತರು.

ಇದಾಗಿ ಸುಮಾರು ಒಂದು ವರ್ಷಕ್ಕೆ ಅವರು ವಿಧವೆಯಾದರು. ಆ ದಿನ ಅವರು ಹಿಟ್ಟು ಕಲಸಿಟ್ಟು, ಮಕ್ಕಳನ್ನು ತೊಳೆದು, ಎಣ್ಣೆ ಹಚ್ಚಿ ಸಿದ್ಧಗೊಳಿಸಿದ್ದರು. ಪ್ರವಾದಿವರ್ಯರು(ಸ) ಬಂದು ಮಕ್ಕಳನ್ನು ಬಳಿಗೆ ಕರೆದು ಮೂಸಿದರು. ಅವರ ಕಣ್ಣುಗಳು ಒದ್ದೆಯಾದವು. ಅಸ್ಮಾರಿಗೆ ಸುದ್ದಿ ತಿಳಿದದ್ದು ಹಾಗೆ. ಅಲ್ಲಿಂದ ಮನೆಗೆ ಮರಳಿದ ಪ್ರವಾದಿವರ್ಯರು(ಸ) ಜಅ್‌ಫರ್‌ರ ಮನೆಯವರಿಗೆ ಅಡುಗೆ ಮಾಡಿ ಕಳುಹಿಸುವಂತೆ ಹೇಳಿದರು. ದುಃಖದಲ್ಲಿ ಮುಳುಗಿದವರಿಗೆ ಒಲೆಯ ಕಡೆ ಗಮನವಿರದು ಎಂಬುದೇ ಅದಕ್ಕೆ ಅವರಿತ್ತ ಕಾರಣ.

ಇಂದು ನಮ್ಮ ಎಷ್ಟೋ ಮೊಹಲ್ಲಾಗಳಲ್ಲಿ ನಡೆಯುತ್ತಿರುವುದು ಇದಕ್ಕೆ ತದ್ವಿರುದ್ಧ. ಮೂರನೆಯ ದಿನ, ನಲವತ್ತನೆಯ ದಿನ ಎಂದು ಸಾವಿನ ಮನೆಯವರೇ ಸಾಲ ಮಾಡಿಯಾದರೂ ಬಂದವರಿಗೆ ಉಣಬಡಿಸಬೇಕಾಗಿದೆ. ದುಡಿಯುವವನನ್ನು ಕಳೆದುಕೊಂಡ ಮನೆಗೆ ಇದಕ್ಕಿಂತ ದೊಡ್ಡ ಹೊರೆ ಬೇರೆ ಯಾವುದಿದೆ ಎಂದು ನಮಗೆ ತಿಳಿಯದು.

ಊಟ ಕಳುಹಿಸಿದಲ್ಲಿಗೆ ಪ್ರವಾದಿವರ್ಯರ(ಸ) ಕಾಳಜಿ ಮುಗಿಯಲಿಲ್ಲ. ಮೂರು ದಿನ ಶೋಕಕ್ಕೆ ಬಿಟ್ಟು ಅವರು ಮತ್ತೆ ಬಂದರು. ಕ್ಷೌರಿಕನನ್ನು ಕರೆಸಿ ಮಕ್ಕಳ ತಲೆ ಬೋಳಿಸಿದರು. ಮುಹಮ್ಮದ್ ತಾತ ಅಬೂತಾಲಿಬರನ್ನು ಹೋಲುತ್ತಾನೆ, ಅಬ್ದುಲ್ಲಾ ರೂಪ ಮತ್ತು ಗುಣದಲ್ಲಿ ತನ್ನನ್ನೇ ಹೋಲುತ್ತಾನೆ ಎಂದರು. ಅಬ್ದುಲ್ಲಾನ ಕೈ ಹಿಡಿದು ಅವನ ವ್ಯಾಪಾರದಲ್ಲಿ ಬರಕತ್ತಿಗಾಗಿ ದುಆ ಮಾಡಿದರು. ತಂದೆಯಿಲ್ಲದ ಮಕ್ಕಳ ಗತಿಯೇನೆಂದು ತಾಯಿ ಕಳವಳಪಟ್ಟಾಗ, ಇಹಪರಗಳೆರಡರಲ್ಲೂ ಅವರ ಪೋಷಕ ತಾನಿರುವಾಗ ಬಡತನದ ಭಯವೇಕೆ ಎಂದು ಕೇಳಿದರು.

ಇದಕ್ಕೂ ನಾಲ್ಕು ವರ್ಷ ಮೊದಲು ಇನ್ನೊಬ್ಬ ಮುಹಾಜಿರ್ ಯೋಧ ಅಬೂ ಸಲಮಾ(ರ) ತೀರಿಕೊಂಡಿದ್ದರು. ಅವರು ಸತ್ತದ್ದು ರಣರಂಗದಲ್ಲಲ್ಲ. ಉಹುದ್‌ನಲ್ಲಿ ತಗಲಿದ ಗಾಯ ಮಾಗಿದಂತೆ ಕಂಡು, ಮತ್ತೊಂದು ದಂಡಯಾತ್ರೆಯ ಬಳಿಕ ಪುನಃ ಒಡೆದು, ಹಾಸಿಗೆಯ ಮೇಲೆ ಪ್ರಾಣ ತೆಗೆಯಿತು. ಪರಸ್ಥಳದವರು ಪರನೆಲದಲ್ಲಿ ಸತ್ತರು ಎಂದು ಉಮ್ಮು ಸಲಮಾ(ರ) ಮರುಗಿದರು. ಆ ಮಾತಿನಲ್ಲಿ ವಲಸಿಗ ಕುಟುಂಬದ ನೋವೆಲ್ಲ ಅಡಗಿದೆ. ಇದ್ದತ್ ಮುಗಿದ ಬಳಿಕ ಪ್ರವಾದಿವರ್ಯರು(ಸ) ವಿವಾಹ ಪ್ರಸ್ತಾಪ ಕಳುಹಿಸಿದಾಗ, ತನಗೆ ಮಕ್ಕಳಿದ್ದಾರೆಂದು ಅವರು ಹಿಂಜರಿದರು. ಆ ಮಕ್ಕಳ ಹೊಣೆ ಅಲ್ಲಾಹ್ ಮತ್ತು ಅವನ ರಸೂಲರದ್ದು ಎಂಬ ಉತ್ತರ ಬಂತು. ಬಿಸ್ಮಿಲ್ಲಾ ಹೇಳಿ, ಬಲಗೈಯಿಂದ, ನಿನ್ನ ಮುಂದಿನದನ್ನು ತಿನ್ನು ಎಂದು ನಮ್ಮ ಮಕ್ಕಳಿಗೆ ಕಲಿಸುತ್ತೇವಲ್ಲ, ಆ ಪಾಠವನ್ನು ಪ್ರವಾದಿವರ್ಯರ(ಸ) ತಟ್ಟೆಯಲ್ಲೇ ಕೈಯಿಟ್ಟು ಕಲಿತ ಹುಡುಗ ಇದೇ ಅಬೂ ಸಲಮಾರ ಮಗ ಉಮರ್.

ನಾಡು ವಿಸ್ತಾರವಾದಂತೆ ನೆರೆಮನೆಯ ಊಟವೊಂದೇ ಸಾಲದಾಯಿತು. ಖಲೀಫಾ ಉಮರ್(ರ) ಹಿಜರಿ 20ರ ಸುಮಾರಿಗೆ ದೀವಾನ್ ಎಂಬ ದಾಖಲೆ ಪುಸ್ತಕವನ್ನು ಆರಂಭಿಸಿ, ಯೋಧರಿಗೂ ಅವರ ಮನೆಯವರಿಗೂ ವಾರ್ಷಿಕ ವೇತನ ಗೊತ್ತುಮಾಡಿದರು. ಅಸ್ಮಾರಿಗೆ 1,000 ದಿರ್ಹಮ್ ನಿಗದಿಯಾಗಿತ್ತೆಂದು ಇಬ್ನ್ ಸಅದ್ ಬರೆದಿದ್ದಾರೆ.

ಆದರೆ ಪುಸ್ತಕಕ್ಕಿಂತ ಹೆಚ್ಚಾಗಿ ನಮ್ಮ ಮನಸ್ಸಿನಲ್ಲಿ ಉಳಿಯುವುದು ಬುಖಾರಿಯಲ್ಲಿ ವರದಿಯಾದ ಒಂದು ಘಟನೆ. ಮದೀನಾದ ಪೇಟೆಯಲ್ಲಿ ಯುವತಿಯೊಬ್ಬಳು ಖಲೀಫಾರನ್ನು ತಡೆದಳು. ಗಂಡ ತೀರಿಕೊಂಡಿದ್ದಾನೆ, ಮಕ್ಕಳು ಚಿಕ್ಕವರು, ಹೊಲವಿಲ್ಲ, ಕರೆಯುವ ಪಶುವಿಲ್ಲ ಎಂದಳು. ತಾನು ಗಿಫಾರ್ ಕುಲದ ಖುಫಾಫ್‌ರ ಮಗಳೆಂದೂ, ತಂದೆ ಹುದೈಬಿಯ್ಯಾದಲ್ಲಿ ಪ್ರವಾದಿವರ್ಯರ(ಸ) ಜೊತೆಗಿದ್ದರೆಂದೂ ತಿಳಿಸಿದಳು. ಉಮರ್(ರ) ಮುಂದೆ ಹೆಜ್ಜೆಯಿಡಲಿಲ್ಲ. ಬಲಿಷ್ಠ ಒಂಟೆಯೊಂದನ್ನು ತರಿಸಿ, ಎರಡು ಮೂಟೆ ಧಾನ್ಯ ಹೇರಿಸಿ, ನಡುವೆ ಹಣ ಮತ್ತು ಬಟ್ಟೆಯಿಟ್ಟು, ಮೂಗುದಾರವನ್ನು ಆಕೆಯ ಕೈಗೆ ಕೊಟ್ಟರು. ಇದು ಅತಿಯಾಯಿತು ಎಂದು ಪಕ್ಕದಲ್ಲಿದ್ದವನೊಬ್ಬ ಆಕ್ಷೇಪಿಸಿದ. ಖಲೀಫಾ ಅವನನ್ನು ಗದರಿದರು. ಇವಳ ತಂದೆ ಮತ್ತು ಸಹೋದರ ಬಹುಕಾಲ ಒಂದು ಕೋಟೆಯನ್ನು ಮುತ್ತಿ ಗೆದ್ದದ್ದನ್ನು ತಾನು ಕಂಡಿದ್ದೇನೆ, ನಾವೀಗ ತಿನ್ನುತ್ತಿರುವುದು ಅವರ ಪಾಲಿನದನ್ನು ಎಂದರು.