ನೀಲಗಾರರು ಮತ್ತು ಮಡ್ಡಿಯ ಬೇರು

ಶಾಲೆಯ ಹಾಜರಿ ಪುಸ್ತಕವನ್ನು ಬಹುಕಾಲ ಓದಿದವನಿಗೆ ಮನೆತನದ ಹೆಸರುಗಳೇ ಇತಿಹಾಸ ಗ್ರಂಥದಂತೆ ತೋರುತ್ತವೆ. ನೀಲಗಾರ, ರಂಗರೇಜ, ಪಟ್ಟೇಗಾರ: ಮೊದಲನೆಯವರು ನೂಲನ್ನು ನೀಲಿಯಲ್ಲಿ ಅದ್ದುತ್ತಿದ್ದವರು, ಎರಡನೆಯವರು ಬಣ್ಣ ಹಾಕುವವರು, ಮೂರನೆಯವರು ರೇಷ್ಮೆ ನೇಯುವವರು. ಇಂಥ ಹೆಸರು ಹೊತ್ತ ಮಕ್ಕಳಲ್ಲಿ ಅನೇಕರಿಗೆ ಅದರ ಅರ್ಥವೇ ತಿಳಿದಿರಲಿಲ್ಲ. ಈ ಬರಹ ಅವರಿಗಾಗಿ.

1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ ಸೀಮೆಯನ್ನು ಕಂಪನಿ ಸರಕಾರಕ್ಕೆ ಬಿಟ್ಟುಕೊಟ್ಟನು. ಅದೇ ವರ್ಷ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯ ಪ್ರವಾಸಕ್ಕೆ ಹೊರಟನು. ನಮ್ಮೂರಿಗೆ ಆತ ಬರಲಿಲ್ಲ. ಬೆಂಗಳೂರಿನ ಪಟ್ಟೇಗಾರರು, ಖತ್ರಿಗಳು ರೇಷ್ಮೆಗೆ ಬಣ್ಣ ಹಾಕುವ ಬಗೆಯನ್ನು ಮಾತ್ರ ಬರೆದಿಟ್ಟನು. ಕೆಂಪಿಗೆ ಅರಗು, ಹಳದಿಗೆ ಅರಿಸಿನ, ಕಿತ್ತಳೆಗೆ ಕಪಿಲದ ಪುಡಿ. ಕಪಿಲವೆಂದರೆ ಕುಂಕುಮದ ಮರದ ಕಾಯಿಗಳ ಮೇಲೆ ಕೂತಿರುವ ಕೆಂಪು ಧೂಳು. ಅರಗು ಕೀಟದ ಕೊಡುಗೆ, ಉಳಿದವು ಗಿಡಮರಗಳವು.

ರೇಷ್ಮೆ ಉಣ್ಣೆಯಂತೆ ಪ್ರೋಟೀನಿನ ಎಳೆ. ಬಣ್ಣವನ್ನು ಹತ್ತಿಗಿಂತ ಬೇಗ ಹಿಡಿಯುತ್ತದೆ. ಆದರೆ ಮೊದಲು ಎಳೆಯ ಮೇಲಿನ ಅಂಟು ಹೋಗಬೇಕು, ಅದಕ್ಕೆ ಕ್ಷಾರದ ನೀರಿನಲ್ಲಿ ಬೇಯಿಸಬೇಕು. ಕಪಿಲದ ಪುಡಿಯೂ ಬರಿಯ ನೀರಿಗೆ ಕರಗದು. ಅದಕ್ಕೂ ಕ್ಷಾರವೇ ಬೇಕು. ಆ ಕ್ಷಾರ ಸವುಳು ಮಣ್ಣಿನಿಂದ ದೊರೆಯುತ್ತಿತ್ತು. ಸಿರುಗುಪ್ಪದ ಕಡೆಯ ನನ್ನ ಹಳೆಯ ವಿದ್ಯಾರ್ಥಿಗಳು ಇಲ್ಲಿ ನಕ್ಕಾರು! ಕಾಲುವೆಯ ನೀರು ಹೆಚ್ಚಾಗಿ ಗದ್ದೆ ಸವುಳಾದ ಸಂಕಟ ಅವರಿಗೆ ಗೊತ್ತು. ರೈತನಿಗೆ ಶಾಪವಾದ ಮಣ್ಣು ಬಣ್ಣಗಾರನಿಗೆ ಸಾಬೂನಾಗಿತ್ತು.

ಇಳಕಲ್ ಸೀರೆಯ ನೇಯ್ಗೆ ಬಳ್ಳಾರಿ ಸುತ್ತಿನ ಪಾಳೆಯಗಾರರ ಆಶ್ರಯದಲ್ಲಿ ಬೆಳೆಯಿತೆಂದು ಹೇಳುವುದುಂಟು. ಅದರ ಒಡಲು ಹತ್ತಿ, ಸೆರಗು ರೇಷ್ಮೆ; ಆದ್ದರಿಂದ ಒಂದೇ ಸೀರೆಗೆ ಎರಡು ಬಗೆಯ ಬಣ್ಣದ ವಿದ್ಯೆ ಬೇಕು. ಹತ್ತಿಯ ಕೆಂಪಿಗೆ ಹಿಂದೆ ಮಡ್ಡಿ ಗಿಡದ ಬೇರು ಬಳಕೆಯಲ್ಲಿತ್ತು. ಗಿಡ ಮೂರು ನಾಲ್ಕು ವರ್ಷ ಬೆಳೆದ ಮೇಲೆ ನೆಲವನ್ನು ಆಳವಾಗಿ ಅಗೆದು ಬೇರು ತೆಗೆಯಬೇಕು. ಬಣ್ಣವಿರುವುದು ತೊಗಟೆಯಲ್ಲಾದ್ದರಿಂದ ದಪ್ಪ ಬೇರಿಗಿಂತ ತೆಳ್ಳನೆಯ ಬೇರಿಗೇ ಬೆಲೆ. ಬಳಿಕ ಎಣ್ಣೆ, ಪಟಿಕ, ಹಲವು ದಿನಗಳ ತಾಳ್ಮೆ.

1856ರಲ್ಲಿ ಲಂಡನ್ನಿನ ಹದಿನೆಂಟರ ಹುಡುಗ ಪರ್ಕಿನ್ ಟಾರಿನಿಂದ ನೇರಳೆ ಬಣ್ಣ ತೆಗೆದನು. ಅದು ಮೊದಲು ಚೆನ್ನಾಗಿ ಹಿಡಿದದ್ದು ರೇಷ್ಮೆಗೇ. 1868ರಲ್ಲಿ ಗ್ರೇಬೆ, ಲೀಬರ್‌ಮನ್ ಎಂಬ ಜರ್ಮನರು ಕೆಂಪು ಅಲಿಜರಿನ್ ತಯಾರಿಸಿದರು. 1897ರಲ್ಲಿ ಕಾರ್ಖಾನೆಯ ನೀಲಿ ಮಾರುಕಟ್ಟೆಗೆ ಬಂತು. ನಾಲ್ಕು ವರ್ಷದ ಬೇರು ಒಂದು ಡಬ್ಬಿ ಪುಡಿಗೆ ಸೋತಿತು.

ಹಳೆಯದೆಲ್ಲ ಚಿನ್ನವೆಂದು ನಾನು ಹೇಳಲಾರೆ. ಅರಿಸಿನದ ಹಳದಿ ಬಿಸಿಲಿಗೆ ನಿಲ್ಲದು, ಬಳ್ಳಾರಿಯ ಬಿಸಿಲಿಗಂತೂ ಕೇಳುವುದೇ ಬೇಡ. ಆದರೆ ನೀಲಿಯ ಮಡಕೆ ಹದವಾಗಿ ಹುದುಗಿತೆಂಬುದನ್ನು ವಾಸನೆಯಿಂದಲೇ ಅರಿಯುತ್ತಿದ್ದ ಜಾಣ್ಮೆ ಯಾವ ಪುಸ್ತಕಕ್ಕೂ ಇಳಿಯಲಿಲ್ಲ. ಆ ಮೂಗುಗಳೊಂದಿಗೇ ಹೋಯಿತು. ಇಂದು ಬಳ್ಳಾರಿ ಹೆಸರಾಗಿರುವುದು ಜೀನ್ಸ್ ಉಡುಪಿಗೆ. ಜೀನ್ಸಿನ ನೀಲಿಯೂ ರಸಾಯನದ ಲೆಕ್ಕದಲ್ಲಿ ಅದೇ ವಸ್ತು, ಹುಟ್ಟಿದ್ದು ಮಾತ್ರ ಕಾರ್ಖಾನೆಯಲ್ಲಿ.

ನಿಮ್ಮ ಮನೆಯ ಹಿರಿಯರು ಯಾರಾದರೂ ಮಡ್ಡಿ ಬೇರು ಅಗೆದದ್ದನ್ನು ಕೇಳಿ ಬಲ್ಲರೇ? ಬಲ್ಲವರಿದ್ದರೆ ದಯವಿಟ್ಟು ಬರೆದಿಡಿ, ನನಗೂ ತಿಳಿಸಿ.