ಹಕ್ಕಿಯ ಹಾಡಿಗೂ ತಾಲೀಮು ಬೇಕು



ಕಾಗೆಯ ಗೂಡಿನಲ್ಲಿ ಬೆಳೆದ ಕೋಗಿಲೆ ಕೊನೆಗೆ ಕೋಗಿಲೆಯಂತೆಯೇ ಕೂಗುತ್ತದೆ. ಅದಕ್ಕೆ ಯಾರೂ ಕಲಿಸಬೇಕಾಗಿಲ್ಲ. ಇದನ್ನು ನೋಡಿ ಎಲ್ಲ ಹಕ್ಕಿಗಳ ಹಾಡೂ ಹುಟ್ಟುಗುಣವೆಂದು ನಾವು ತಿಳಿಯುತ್ತೇವೆ. ಅದು ಸರಿಯಲ್ಲ. ಮಡಿವಾಳ, ಪಿಕಳಾರ, ರಾಟವಾಳ ಮುಂತಾದವು ಸೇರಿರುವ 'ಹಾಡುಹಕ್ಕಿ'ಗಳ ದೊಡ್ಡ ಗುಂಪು ಹಿರಿಯರ ಹಾಡನ್ನು ಕೇಳಿ ಕಲಿಯುತ್ತದೆ. ವಿಚಿತ್ರವೆಂದರೆ, ಕಾಗೆಯೂ ಈ ಗುಂಪಿಗೆ ಸೇರಿದ್ದು, ಕೋಗಿಲೆ ಸೇರಿಲ್ಲ!

ಉರ್ದುವಿನಲ್ಲಿ 'ತಾಲೀಮ್' ಎಂದರೆ ಶಿಕ್ಷಣ. ಅದೇ ಪದ ಕನ್ನಡಕ್ಕೆ ಬಂದು 'ತಾಲೀಮು' ಆದಾಗ ಅಭ್ಯಾಸ ಎಂಬ ಅರ್ಥ ಪಡೆಯಿತು. ಹಾಡುಹಕ್ಕಿಗೆ ಈ ಎರಡೂ ಬೇಕು. ಇದನ್ನು ಅರಿಯಲು ಮನುಷ್ಯನಿಗೆ ಬಹಳ ಕಾಲ ಹಿಡಿಯಿತು.

1773ರಲ್ಲಿ ಇಂಗ್ಲೆಂಡಿನ ಡೇನ್ಸ್ ಬ್ಯಾರಿಂಗ್ಟನ್ ಎಂಬವರು ಲಿನೆಟ್ ಮರಿಗಳನ್ನು ಲಾರ್ಕ್ ಹಕ್ಕಿಯ ಬಳಿ ಸಾಕಿದ್ದನ್ನು ವರದಿ ಮಾಡಿದರು. ಆ ಮರಿಗಳು ಲಾರ್ಕ್‌ನ ಹಾಡನ್ನೇ ಕಲಿತವು. 1950ರ ದಶಕದಲ್ಲಿ ಕೇಂಬ್ರಿಡ್ಜ್‌ನ ವಿಲಿಯಂ ಥಾರ್ಪ್ ಚಾಫಿಂಚ್ ಮರಿಗಳನ್ನು ಹಿರಿಯ ಹಕ್ಕಿಗಳ ದನಿ ಕೇಳದಂತೆ ಬೆಳೆಸಿದರು. ಅವು ಹಾಡಿದ್ದು ಬರೀ ಅರೆಬರೆ ಹಾಡು. ಉಸ್ತಾದ್ ಇಲ್ಲದೆ ತಾಲೀಮ್ ಇಲ್ಲವೆಂಬುದು ಇದರಿಂದ ಖಚಿತವಾಯಿತು.

1965ರಲ್ಲಿ ಮಸಕಾಜು ಕೊನಿಷಿ ಇನ್ನೊಂದು ಸಂಗತಿ ಪ್ರಕಟಿಸಿದರು. ಅಮೆರಿಕದ ಒಂದು ಬಗೆಯ ಗುಬ್ಬಿಯ ಮರಿ ಹಿರಿಯರ ಹಾಡು ಕೇಳಿದ್ದರೂ, ಸ್ವತಃ ಹಾಡತೊಡಗುವ ಮೊದಲೇ ಕಿವುಡಾದರೆ ಅದಕ್ಕೆ ಸರಿಯಾದ ಹಾಡು ಒಲಿಯದು. ಮರಿ ಮೊದಮೊದಲು ತೊದಲುತ್ತದೆ, ತನ್ನ ದನಿಯನ್ನು ತಾನೇ ಕೇಳಿಕೊಳ್ಳುತ್ತದೆ, ನೆನಪಿನಲ್ಲಿರುವ ಹಾಡಿಗೆ ಹೋಲಿಸಿ ತಿದ್ದಿಕೊಳ್ಳುತ್ತದೆ. ಇದೇ ಕನ್ನಡದ ತಾಲೀಮು.

ಈ ಕೆಲಸ ಮಿದುಳಿನಲ್ಲಿ ಎಲ್ಲಿ ನಡೆಯುತ್ತದೆ? 1976ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಫರ್ನಾಂಡೊ ನಾಟ್‌ಬೋಮ್ ಮತ್ತು ಸಂಗಡಿಗರು ಕ್ಯಾನರಿಯ ಮಿದುಳಿನಲ್ಲಿ ಹಾಡನ್ನು ನಡೆಸುವ ನರಕೋಶಗಳ ಗುಂಪುಗಳನ್ನು ಗುರುತಿಸಿದರು. 'ಎಚ್‌ವಿಸಿ' ಎಂಬ ಗುಂಪಿನಿಂದ ಹೊರಟ ಆಜ್ಞೆ 'ಆರ್‌ಎ' ಎಂಬ ಗುಂಪಿನ ಮೂಲಕ ದನಿಯಂಗದ ಸ್ನಾಯುಗಳನ್ನು ತಲುಪುತ್ತದೆ. ಇದಲ್ಲದೆ ಕಲಿಕೆಗೆಂದೇ ಇನ್ನೊಂದು ದಾರಿಯಿದೆ. 1984ರ ಪ್ರಯೋಗವೊಂದರಲ್ಲಿ ಆ ದಾರಿಯ ಒಂದು ಗುಂಪನ್ನು ನಾಶ ಮಾಡಿದಾಗ ಜೀಬ್ರಾ ಫಿಂಚ್ ಮರಿಗಳ ಹಾಡು ಕೆಟ್ಟಿತು. ಕಲಿತು ಮುಗಿಸಿದ ಹಕ್ಕಿಗಳ ಹಾಡು ಕೆಡಲಿಲ್ಲ.

ಬೆಳೆದ ಮಿದುಳಿನಲ್ಲಿ ಹೊಸ ನರಕೋಶ ಹುಟ್ಟುವುದಿಲ್ಲವೆಂದು ಆಗ ಹೆಚ್ಚಿನ ವಿಜ್ಞಾನಿಗಳು ನಂಬಿದ್ದರು. 1960ರ ದಶಕದಲ್ಲಿ ಜೋಸೆಫ್ ಆಲ್ಟ್‌ಮನ್ ಇಲಿಗಳಲ್ಲಿ ಅಂಥ ಕೋಶಗಳನ್ನು ಕಂಡೆನೆಂದಾಗ ಅದಕ್ಕೆ ಕಿವಿಗೊಟ್ಟವರು ಕಡಿಮೆ. 1983ರಲ್ಲಿ ಸ್ಟೀವನ್ ಗೋಲ್ಡ್‌ಮನ್ ಮತ್ತು ನಾಟ್‌ಬೋಮ್ ಬೆಳೆದ ಕ್ಯಾನರಿಯ ಎಚ್‌ವಿಸಿಯಲ್ಲಿಯೇ ಹೊಸ ನರಕೋಶಗಳನ್ನು ತೋರಿಸಿದರು. ಅವು ಕೆಲಸಕ್ಕೆ ಸೇರಿಕೊಂಡು ದನಿಗೆ ಸ್ಪಂದಿಸುತ್ತವೆಂದು ಮರುವರ್ಷವೇ ತಿಳಿಯಿತು. ಕ್ಯಾನರಿ ವರ್ಷವರ್ಷ ತನ್ನ ಹಾಡನ್ನು ಬದಲಿಸಿಕೊಳ್ಳುವ ಹಕ್ಕಿ ಎಂಬುದನ್ನು ಇಲ್ಲಿ ನೆನೆಯಬೇಕು. ಬೆಳೆದ ಮನುಷ್ಯನ ಮಿದುಳಿನಲ್ಲಿ ಹೀಗಾಗುತ್ತದೆಯೇ ಎಂಬ ಚರ್ಚೆ ಮಾತ್ರ ಇನ್ನೂ ಮುಗಿದಿಲ್ಲ.

ನಮ್ಮ ನಗರಗೆರೆಯ ಮಗುವಿಗೆ ಮನೆಯಲ್ಲಿ ಉರ್ದು, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. 'ಮಳೆ'ಯನ್ನು 'ಮಲೆ' ಎಂದು ಓದಿದ ಮಗುವನ್ನು ನಾನೂ ಕೆಲಸಕ್ಕೆ ಸೇರಿದ ಹೊಸತರಲ್ಲಿ ಗದರಿಸಿದ್ದುಂಟು. ತರಗತಿ ನಕ್ಕಿತು; ಆ ಮಗು ಆಮೇಲೆ ಬಾಯಿ ಬಿಡಲೇ ಇಲ್ಲ. ಮಗು ಹಕ್ಕಿಯಲ್ಲ, ನಿಜ. ಆದರೆ ತನ್ನ ದನಿಯನ್ನು ತಾನು ಕೇಳಿಕೊಳ್ಳದವನು ತಿದ್ದಿಕೊಳ್ಳುವುದಾದರೂ ಹೇಗೆ? ತಪ್ಪಾಗಿ ಓದಿದವನನ್ನು ನಾವು ತಿದ್ದಬಹುದು. ಬಾಯಿ ಮುಚ್ಚಿಸಿದವನನ್ನು ತಿದ್ದಲಾಗದು.

ಆದ್ದರಿಂದ ವಿದ್ಯಾರ್ಥಿಗಳೇ, ತೊದಲಲು ನಾಚಬೇಡಿ, ಗಟ್ಟಿಯಾಗಿ ಓದಿ. ಹಿರಿಯರೇ, ಮಕ್ಕಳ ತೊದಲು ಕೇಳಿ ನಗಬೇಡಿ. ಎಲ್ಲ ಹಾಡೂ ಶುರುವಾಗುವುದು ಅಲ್ಲಿಂದಲೇ.