ಎಲೆಕ್ಟ್ರಿಷಿಯನ್ ಶಿಶಿಕ್ಷುಗಳಿಗೆ ಉನ್ನತ ತರಗತಿ ಬೋಧನೆ ಮತ್ತು ಪ್ರಾಯೋಗಿಕ ತರಬೇತಿ: ಚಿತ್ರದುರ್ಗ ಜಿಲ್ಲೆ

ಹಿನ್ನೆಲೆ

ಚಿತ್ರದುರ್ಗವು ರಾಜ್ಯದ ಕಡಿಮೆ ಮಳೆ ಬೀಳುವ ಜಿಲ್ಲೆಗಳಲ್ಲಿ ಒಂದಾಗಿರುತ್ತದೆ. ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿ ನದಿಗೆ ಅಡ್ಡಲಾಗಿ ನಿರ್ಮಿಸಿ 1907ರಲ್ಲಿ ಪೂರ್ಣಗೊಳಿಸಲಾದ ವಾಣಿ ವಿಲಾಸ ಸಾಗರದ ಅಚ್ಚುಕಟ್ಟು ಪ್ರದೇಶವನ್ನು ಹೊರತುಪಡಿಸಿದರೆ, ಹೊಸದುರ್ಗದ ತೆಂಗು ಹಾಗೂ ಹೊಳಲ್ಕೆರೆಯ ಅಡಿಕೆ ತೋಟಗಳು ಬಹುಮಟ್ಟಿಗೆ ಕೊಳವೆಬಾವಿಗಳನ್ನು ಅವಲಂಬಿಸಿವೆ. ಜೋಗಿಮಟ್ಟಿ ಮೊದಲಾದ ಗುಡ್ಡಸಾಲುಗಳಲ್ಲಿ ಪವನ ವಿದ್ಯುತ್ ಯಂತ್ರಗಳು ಸ್ಥಾಪನೆಗೊಂಡಿವೆ. ಜಿಲ್ಲೆಯ ವಿದ್ಯುತ್ ವಿತರಣೆಯನ್ನು ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿ (ಬೆಸ್ಕಾಂ) ನಿರ್ವಹಿಸುತ್ತಿದೆ. ಈ ಕಾರಣಗಳಿಂದ ಜಿಲ್ಲೆಯಲ್ಲಿ ನುರಿತ ಎಲೆಕ್ಟ್ರಿಷಿಯನ್‌ಗಳ ಅಗತ್ಯವು ಪಟ್ಟಣಗಳಿಗೆ ಮಾತ್ರ ಸೀಮಿತವಾಗಿರುವುದಿಲ್ಲ.

ತರಬೇತಿಯ ಸ್ವರೂಪ

ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಎಲೆಕ್ಟ್ರಿಷಿಯನ್ ವೃತ್ತಿಯ ಅವಧಿ 2 ವರ್ಷಗಳು. ಈ ತರಬೇತಿಯಲ್ಲಿ ತೇರ್ಗಡೆಯಾದವರು ಶಿಶಿಕ್ಷು ಅಧಿನಿಯಮ, 1961ರ ಅನ್ವಯ ಕೈಗಾರಿಕೆ ಅಥವಾ ಸಂಸ್ಥೆಯೊಂದರಲ್ಲಿ 1 ವರ್ಷದ ಶಿಶಿಕ್ಷು ತರಬೇತಿಯನ್ನು ಪಡೆಯಬಹುದು. ಈ ಅವಧಿಯಲ್ಲಿ ಕಾರ್ಯಸ್ಥಳದ ಪ್ರಾಯೋಗಿಕ ತರಬೇತಿಯೊಂದಿಗೆ ವೃತ್ತಿಗೆ ಸಂಬಂಧಿಸಿದ ತರಗತಿ ಬೋಧನೆಯನ್ನೂ ನೀಡತಕ್ಕದ್ದು. ಇವೆರಡೂ ಪರಸ್ಪರ ಪೂರಕವಾಗಿದ್ದು, ಒಂದನ್ನು ಬಿಟ್ಟು ಇನ್ನೊಂದು ಪರಿಪೂರ್ಣವಾಗುವುದಿಲ್ಲ. ಇದನ್ನು ಭೂಸಂಪರ್ಕದ (ಅರ್ಥಿಂಗ್) ಉದಾಹರಣೆಯಿಂದ ತಿಳಿಯಬಹುದು.

ಭೂಸಂಪರ್ಕ: ಲೆಕ್ಕ ಮತ್ತು ಅಳತೆ

ಪಂಪ್‌ಸೆಟ್ಟಿನ ಲೋಹದ ಹೊರಕವಚಕ್ಕೆ 230 ವೋಲ್ಟ್‌ನ ಫೇಸ್ ತಂತಿ ತಗುಲಿದೆ ಎಂದು ಭಾವಿಸೋಣ. ಭೂಸಂಪರ್ಕದ ರೋಧವು 2 ಓಮ್ ಇದ್ದಲ್ಲಿ, ಇತರ ರೋಧಗಳನ್ನು ಬದಿಗಿರಿಸಿದರೆ, 115 ಆಂಪಿಯರ್ ವಿದ್ಯುತ್ ಹರಿದು 16 ಆಂಪಿಯರ್‌ನ ಫ್ಯೂಸ್ ಬೇಗನೆ ಕರಗುತ್ತದೆ. ರೋಧವು 20 ಓಮ್‌ಗೆ ಏರಿದಲ್ಲಿ ಹರಿಯುವುದು 11.5 ಆಂಪಿಯರ್ ಮಾತ್ರ. ಫ್ಯೂಸ್ ಕರಗುವುದಿಲ್ಲ, ಹೊರಕವಚವು ವಿದ್ಯುತ್ ಸಹಿತವಾಗಿಯೇ ಉಳಿಯುತ್ತದೆ. ಅದನ್ನು ಮುಟ್ಟಿದವರ ಪ್ರಾಣಕ್ಕೆ ಅಪಾಯವಾಗುತ್ತದೆ.

ಮಣ್ಣು ಒಣಗಿದಂತೆ ಭೂಸಂಪರ್ಕದ ರೋಧವು ಹೆಚ್ಚುತ್ತದೆ. ಬಂಡೆಯ ನೆಲ ಮತ್ತು ದೀರ್ಘ ಬೇಸಿಗೆಯಿರುವ ಪ್ರದೇಶಗಳಲ್ಲಿ ಇದು ವಿಶೇಷವಾಗಿ ಗಮನಿಸಬೇಕಾದ ಅಂಶ. ಮಳೆಗಾಲದಲ್ಲಿ ಸರಿಯಾಗಿದ್ದ ಭೂಸಂಪರ್ಕವು ಏಪ್ರಿಲ್ ತಿಂಗಳಿನಲ್ಲಿ ಸಾಲದೇ ಹೋಗಬಹುದು. ಆದ್ದರಿಂದ ಶಿಶಿಕ್ಷುವು ತರಗತಿಯಲ್ಲಿ ಮಾಡಿದ ಲೆಕ್ಕವನ್ನು ಅರ್ಥ್ ಟೆಸ್ಟರ್ ಉಪಕರಣದಿಂದ ಸ್ಥಳದಲ್ಲಿಯೇ ಅಳೆದು ನೋಡುವುದು ಅವಶ್ಯಕ. ಗುಂಡಿಗೆ ನೀರುಣಿಸುವುದು, ತುಕ್ಕು ಹಿಡಿದ ಜೋಡಣೆಯನ್ನು ಬದಲಿಸುವುದು, ಅಗತ್ಯವಿದ್ದಲ್ಲಿ ಎರಡನೆಯ ಎಲೆಕ್ಟ್ರೋಡ್ ಅಳವಡಿಸುವುದು ಪರಿಹಾರ ಕ್ರಮಗಳಾಗಿವೆ. ಮನೆಗಳ ವೈರಿಂಗ್‌ನಲ್ಲಿ 30 ಮಿಲಿ ಆಂಪಿಯರ್ ಸೋರಿಕೆಗೆ ಸಂಪರ್ಕ ಕಡಿತಗೊಳಿಸುವ ಸಾಧನವನ್ನು ಅಳವಡಿಸಿದಲ್ಲಿ ಹೆಚ್ಚಿನ ರಕ್ಷಣೆ ದೊರೆಯುತ್ತದೆ.

ಪ್ರಾಯೋಗಿಕ ತರಬೇತಿಯ ಪ್ರಮುಖ ವಿಷಯಗಳು

1. ಮೋಟಾರು ಮತ್ತು ಸ್ಟಾರ್ಟರ್: ನೇರ ಸ್ಟಾರ್ಟರ್, ಸ್ಟಾರ್-ಡೆಲ್ಟಾ ಸ್ಟಾರ್ಟರ್‌ಗಳ ಜೋಡಣೆ, ಮೂರು ಫೇಸ್‌ಗಳ ಪೈಕಿ ಒಂದು ಕಡಿತಗೊಂಡಾಗ ಮೋಟಾರು ಸುಡದಂತೆ ತಡೆಯುವ ಸಾಧನದ ಅಳವಡಿಕೆ, ಮೆಗ್ಗರ್ ಉಪಕರಣದಿಂದ ವಿದ್ಯುನ್ನಿರೋಧಕತೆಯ ಪರೀಕ್ಷೆ.
2. ಪರಿವರ್ತಕ: 11 ಕಿಲೋವೋಲ್ಟ್ ವಿದ್ಯುತ್ತನ್ನು 433 ವೋಲ್ಟ್‌ಗೆ ಇಳಿಸುವ ವಿತರಣಾ ಪರಿವರ್ತಕದ ರಚನೆ, ಎಣ್ಣೆಯ ಮಟ್ಟ ಹಾಗೂ ಭೂಸಂಪರ್ಕದ ಪರಿಶೀಲನೆ.
3. ಪವನ ಮತ್ತು ಸೌರ ವಿದ್ಯುತ್: ಗೋಪುರದ ಎತ್ತರದಲ್ಲಿ ಸುರಕ್ಷಾ ಪಟ್ಟಿ ಧರಿಸಿ ಕೆಲಸ ಮಾಡುವುದು, ಸಂಪರ್ಕ ತೆಗೆದ ನಂತರವೂ ಕೆಪಾಸಿಟರ್‌ಗಳಲ್ಲಿ ಉಳಿಯುವ ವಿದ್ಯುತ್ತನ್ನು ವಿಸರ್ಜಿಸುವುದು, ಬಿಸಿಲಿರುವವರೆಗೂ ಸೌರ ಫಲಕದ ತಂತಿಗಳಲ್ಲಿ ವಿದ್ಯುತ್ ಇದ್ದೇ ಇರುತ್ತದೆ ಎಂಬುದರ ಅರಿವು.
4. ಪ್ರಥಮ ಚಿಕಿತ್ಸೆ: ಆಘಾತಕ್ಕೊಳಗಾದವರನ್ನು ಮುಟ್ಟುವ ಮೊದಲು ಸಂಪರ್ಕ ಕಡಿತಗೊಳಿಸುವುದು, ಕೃತಕ ಉಸಿರಾಟ ಹಾಗೂ ಎದೆ ಒತ್ತುವ ವಿಧಾನದ ಅಭ್ಯಾಸ.

ಸುರಕ್ಷತಾ ಕ್ರಮಗಳು

"ಕರೆಂಟ್ ಹೋಗಿದೆ" ಎಂಬುದು ಕೆಲಸ ಆರಂಭಿಸಲು ಆಧಾರವಲ್ಲ. ಕೃಷಿ ಪಂಪ್‌ಸೆಟ್‌ಗಳಿಗೆ ನಿಗದಿತ ಅವಧಿಯಲ್ಲಿ ಮಾತ್ರ ತ್ರಿಫೇಸ್ ವಿದ್ಯುತ್ ಪೂರೈಸಲಾಗುವುದರಿಂದ ಅನೇಕ ರೈತರು ಸ್ವಯಂಚಾಲಿತ ಸ್ಟಾರ್ಟರ್ ಅಳವಡಿಸಿಕೊಂಡಿರುತ್ತಾರೆ. ವಿದ್ಯುತ್ ಬಂದ ಕೂಡಲೇ ಮೋಟಾರು ತಾನೇ ಚಾಲನೆಗೊಳ್ಳುತ್ತದೆ. ಆದುದರಿಂದ ಪ್ರತಿಯೊಂದು ಕೆಲಸದಲ್ಲಿಯೂ ಈ ಕೆಳಕಂಡ ಕ್ರಮವನ್ನು ತಪ್ಪದೇ ಪಾಲಿಸತಕ್ಕದ್ದು.

1. ಜನರೇಟರ್, ಯು.ಪಿ.ಎಸ್. ಮತ್ತು ಸೌರ ಇನ್ವರ್ಟರ್ ಸೇರಿದಂತೆ ವಿದ್ಯುತ್ತಿನ ಎಲ್ಲ ಮೂಲಗಳನ್ನೂ ಬೇರ್ಪಡಿಸುವುದು.
2. ಸ್ವಿಚ್ಚಿಗೆ ಬೀಗ ಹಾಕಿ, ಎಚ್ಚರಿಕೆ ಫಲಕ ತೂಗುಹಾಕಿ, ಬೀಗದ ಕೈಯನ್ನು ಕೆಲಸ ಮಾಡುವವರೇ ಇರಿಸಿಕೊಳ್ಳುವುದು.
3. ಪರೀಕ್ಷಾ ಉಪಕರಣವು ಸರಿಯಾಗಿದೆಯೇ ಎಂದು ವಿದ್ಯುತ್ ಇರುವ ಬೇರೊಂದು ಕಡೆ ಖಚಿತಪಡಿಸಿಕೊಂಡು, ನಂತರ ಕೆಲಸದ ಸ್ಥಳದಲ್ಲಿ ಪರೀಕ್ಷಿಸುವುದು.
4. ವಿದ್ಯುತ್ ಮಾರ್ಗಗಳಲ್ಲಿ ಕೆಲಸದ ಸ್ಥಳದ ಎರಡೂ ಬದಿಗಳಲ್ಲಿ ಭೂಸಂಪರ್ಕ ಕಲ್ಪಿಸುವುದು.

ವಿತರಣಾ ಕಂಪನಿಯ ಕಂಬ ಮತ್ತು ಪರಿವರ್ತಕಗಳಲ್ಲಿ ಕೆಲಸ ಮಾಡಲು ಅಧಿಕೃತ ಸಿಬ್ಬಂದಿಗೆ ಮಾತ್ರ ಅವಕಾಶವಿರುತ್ತದೆ. ಅವರೂ ಲೈನ್ ಕ್ಲಿಯರ್ ಪಡೆದ ನಂತರವೇ ಕೆಲಸ ಆರಂಭಿಸತಕ್ಕದ್ದು. ಟಿ.ಸಿ.ಯ ಫ್ಯೂಸ್ ಹೋದಾಗ, ಬೆಳೆ ಒಣಗುತ್ತಿದೆ ಎಂಬ ಆತಂಕದಿಂದ ಗ್ರಾಮಸ್ಥರು ಊರಿನ ತರಬೇತಿ ಪಡೆದ ಯುವಕರನ್ನು ಕರೆಯುವುದುಂಟು. ಇಂತಹ ಕರೆಯನ್ನು ಶಿಶಿಕ್ಷುಗಳು ಯಾವುದೇ ಒತ್ತಾಯಕ್ಕೂ ಮಣಿಯದೆ ನಿರಾಕರಿಸತಕ್ಕದ್ದು. ದೂರನ್ನು ವಿದ್ಯುತ್ ಸಹಾಯವಾಣಿ 1912ಕ್ಕೆ ತಿಳಿಸಬಹುದು.

ಶಿಷ್ಯವೇತನ ಮತ್ತು ಹಕ್ಕುಗಳು

ಶಿಶಿಕ್ಷು ನಿಯಮಗಳ 2019ರ ತಿದ್ದುಪಡಿಯಲ್ಲಿ ಐ.ಟಿ.ಐ. ಪ್ರಮಾಣಪತ್ರ ಹೊಂದಿದವರಿಗೆ ಮಾಸಿಕ ಕನಿಷ್ಠ ರೂ. 7,000 ಶಿಷ್ಯವೇತನವನ್ನು ನಿಗದಿಪಡಿಸಲಾಯಿತು. ತರಬೇತಿಗೆ ಸೇರುವ ಸಮಯದಲ್ಲಿ ಜಾರಿಯಲ್ಲಿರುವ ದರವನ್ನು ಅಭ್ಯರ್ಥಿಗಳು ಖಚಿತಪಡಿಸಿಕೊಳ್ಳುವುದು. ಅದೇ ತಿದ್ದುಪಡಿಯನ್ವಯ 30 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿಯುಳ್ಳ ಸಂಸ್ಥೆಗಳು ಶಿಶಿಕ್ಷುಗಳನ್ನು ತೊಡಗಿಸಿಕೊಳ್ಳುವುದು ಕಡ್ಡಾಯವಾಗಿರುತ್ತದೆ. ತರಬೇತಿಯ ಕರಾರು ಲಿಖಿತವಾಗಿದ್ದು ನೋಂದಣಿಯಾಗಿರತಕ್ಕದ್ದು. ತರಬೇತಿಯ ಸಂದರ್ಭದಲ್ಲಿ ಅಪಘಾತದಿಂದ ಗಾಯವಾದಲ್ಲಿ ನಿಯೋಜಕರು ಕಾನೂನಿನಂತೆ ಪರಿಹಾರ ನೀಡಲು ಬದ್ಧರಾಗಿರುತ್ತಾರೆ. ನೋಂದಣಿಯಿಲ್ಲದೆ ಬಾಯಿಮಾತಿನಲ್ಲಿ ಸೇರಿದವರಿಗೆ ಈ ರಕ್ಷಣೆಯನ್ನು ಪಡೆಯುವುದು ಕಷ್ಟಸಾಧ್ಯವಾಗುವುದರಿಂದ ಕರಾರಿನ ಪ್ರತಿಯನ್ನು ತಮ್ಮ ಬಳಿ ಇರಿಸಿಕೊಳ್ಳುವುದು.

ಪ್ರಮಾಣಪತ್ರ ಮತ್ತು ಪರವಾನಿಗೆ

ಅವಧಿ ಪೂರ್ಣಗೊಳಿಸಿ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ರಾಷ್ಟ್ರೀಯ ಶಿಶಿಕ್ಷು ಪ್ರಮಾಣಪತ್ರವನ್ನು ನೀಡಲಾಗುತ್ತದೆ. ಇದು ಕೌಶಲ್ಯಕ್ಕೆ ಸಾಕ್ಷಿಯೇ ಹೊರತು ಸ್ವತಂತ್ರವಾಗಿ ವೈರಿಂಗ್ ಕಾಮಗಾರಿ ಕೈಗೊಳ್ಳಲು ನೀಡಿದ ಪರವಾನಿಗೆಯಲ್ಲ. ಅದಕ್ಕಾಗಿ ಅಗತ್ಯವಾದ ಪರವಾನಿಗೆಯ ಬಗ್ಗೆ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದಲ್ಲಿ ವಿಚಾರಿಸತಕ್ಕದ್ದು.

ಆಸಕ್ತ ಅಭ್ಯರ್ಥಿಗಳು ಶಿಶಿಕ್ಷು ತರಬೇತಿಯ ರಾಷ್ಟ್ರೀಯ ಜಾಲತಾಣದಲ್ಲಿ ನೋಂದಾಯಿಸಿಕೊಳ್ಳಬಹುದು. ಹೆಚ್ಚಿನ ಮಾಹಿತಿಗಾಗಿ ಸಮೀಪದ ಸರ್ಕಾರಿ ಕೈಗಾರಿಕಾ ತರಬೇತಿ ಸಂಸ್ಥೆಯ ಪ್ರಾಚಾರ್ಯರನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.